ನಿಮ್ಮ ಪುಸ್ತಕ ರಾಷ್ಟ್ರೀಯ ಗ್ರಂಥಸೂಚಿಯನ್ನು ಸೇರುವುದು ಹೇಗೆ? ಸಣ್ಣ ಪ್ರಕಾಶಕರಿಗೆ, ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸುವವರಿಗೆ ಒಂದು ಕೈಪಿಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಕವನ ಸಂಕಲನ ತಂದವರು, ಗದಗದಲ್ಲಿ ಮಠದ ಚರಿತ್ರೆ ಅಚ್ಚು ಹಾಕಿಸಿದವರು, ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಜನಪದ ಹಾಡುಗಳನ್ನು ಸಂಗ್ರಹಿಸಿದ ನಿವೃತ್ತ ಶಿಕ್ಷಕರು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ತೆಗೆದುಕೊಂಡಿದ್ದೇನೆ, ಬಿಡುಗಡೆಯೂ ಆಯಿತು. ಆದರೂ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ನನ್ನ ಪುಸ್ತಕ ಏಕೆ ಕಾಣುವುದಿಲ್ಲ?" ಇನ್ನು ಕೆಲವರ ಪುಸ್ತಕ ಅಲ್ಲಿ ಇರುತ್ತದೆ, ಆದರೆ ಅವರು ಹುಡುಕುವ ಅಕ್ಷರದ ಕೆಳಗೆ ಇರುವುದಿಲ್ಲ. ಈ ಲೇಖನ ಇಬ್ಬರಿಗೂ.

ಮೊದಲಿಗೆ ಗ್ರಂಥಸೂಚಿ ಎಂದರೇನು ಎಂಬುದನ್ನು ನೋಡೋಣ. ಒಂದು ದೇಶದಲ್ಲಿ ಪ್ರಕಟವಾದ ಪುಸ್ತಕಗಳ ಅಧಿಕೃತ ಪಟ್ಟಿಯೇ ರಾಷ್ಟ್ರೀಯ ಗ್ರಂಥಸೂಚಿ. ನಮ್ಮದು ಇಂಡಿಯನ್ ನ್ಯಾಷನಲ್ ಬಿಬ್ಲಿಯಾಗ್ರಫಿ. ಇದನ್ನು ಸಿದ್ಧಪಡಿಸುವುದು ಕೋಲ್ಕತ್ತದ ಸೆಂಟ್ರಲ್ ರೆಫರೆನ್ಸ್ ಲೈಬ್ರರಿ. ಅದಕ್ಕೆ ಪುಸ್ತಕಗಳು ಸಿಗುವುದು ಅದೇ ಊರಿನ ರಾಷ್ಟ್ರೀಯ ಗ್ರಂಥಾಲಯದಿಂದ. ರಾಷ್ಟ್ರೀಯ ಗ್ರಂಥಾಲಯಕ್ಕೆ ಪುಸ್ತಕಗಳು ಸಿಗುವುದು 1954ರ ಒಂದು ಕಾಯ್ದೆಯಿಂದ. ಈ ಸರಪಳಿಯ ತುದಿಯಲ್ಲಿ ಇರುವವರು ಪ್ರಕಾಶಕರು, ಅಂದರೆ ನೀವು. ನೀವು ಕಳುಹಿಸದಿದ್ದರೆ ಅಲ್ಲಿ ಯಾರೂ ನಿಮ್ಮ ಪುಸ್ತಕವನ್ನು ಹುಡುಕಿಕೊಂಡು ಧಾರವಾಡದ ಸುಭಾಸ ರಸ್ತೆಗೆ ಬರುವುದಿಲ್ಲ.

ಸೂಚಿಯ ಮೊದಲ ಸಂಚಿಕೆ 1957ರ ಕೊನೆಯ ಮೂರು ತಿಂಗಳ ಪುಸ್ತಕಗಳನ್ನು ಒಳಗೊಂಡು 1958ರ ಆಗಸ್ಟ್ 15ರಂದು ಹೊರಬಂತು. ಅದರ ಹಿಂದಿದ್ದವರು ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲಕರಾದ ಬಿ.ಎಸ್. ಕೇಶವನ್. ಹದಿನಾಲ್ಕು ಭಾಷೆಗಳನ್ನು ಅದು ಒಂದೇ ಪಟ್ಟಿಯಲ್ಲಿ ಹಿಡಿದಿಟ್ಟಿತು: ಅಸ್ಸಾಮಿ, ಬಂಗಾಳಿ, ಇಂಗ್ಲಿಷ್, ಗುಜರಾತಿ, ಹಿಂದಿ, ಕನ್ನಡ, ಮಲಯಾಳಂ, ಮರಾಠಿ, ಒಡಿಯಾ, ಪಂಜಾಬಿ, ಸಂಸ್ಕೃತ, ತಮಿಳು, ತೆಲುಗು, ಉರ್ದು. ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿಯೇ ತೋರಿಸುವ ಪ್ರತ್ಯೇಕ ಭಾಷಾ ಸಂಪುಟಗಳೂ ಇವೆ. ಆದರೆ ಮುಖ್ಯ ಸೂಚಿ ಇರುವುದು ರೋಮನ್ ಲಿಪಿಯಲ್ಲಿ. ತೊಡಕುಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟುತ್ತವೆ. ಇನ್ನರ್ಧ ನಾವು ಅಚ್ಚು ಹಾಕಿಸುವ ಮೊದಲ ಎರಡು ಪುಟಗಳಿಂದ.

ಬೇಕಾಗುವುದು ಇಷ್ಟೇ: ಸರಿಯಾದ ಶೀರ್ಷಿಕೆ ಪುಟವಿರುವ ಪುಸ್ತಕ, ಅದರ ನಾಲ್ಕು ಪ್ರತಿಗಳು, ನಾಲ್ಕು ಸ್ಪೀಡ್ ಪೋಸ್ಟ್ ರಸೀದಿ, ಮತ್ತು ಸಾಕಷ್ಟು ತಾಳ್ಮೆ.

ಹಂತ 1: ಶೀರ್ಷಿಕೆ ಪುಟವನ್ನು ಮುದ್ರಕರ ಕೈಗೆ ಬಿಡಬೇಡಿ

ಶೀರ್ಷಿಕೆ ಪುಟ ಎಂದರೆ ಹೊದಿಕೆಯಲ್ಲ. ಒಳಗೆ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು ಇರುವ ಬಲಪುಟ. ಅದರ ಬೆನ್ನಿಗಿರುವ ಪುಟದಲ್ಲಿ (ಮುಂದೆ ಬೆನ್ನುಪುಟ ಎಂದರೆ ಇದೇ, ಹಿಂಬದಿಯ ಹೊದಿಕೆಯಲ್ಲ) ಮುದ್ರಣದ ವರ್ಷ, ಹಕ್ಕು, ಬೆಲೆ, ಪುಟಸಂಖ್ಯೆ ಇರುತ್ತವೆ. ಸೂಚಿಕಾರರು, ಅಂದರೆ ಸೂಚಿಯಲ್ಲಿ ನಮೂದು ಬರೆಯುವ ಗ್ರಂಥಾಲಯ ಸಿಬ್ಬಂದಿ, ನಂಬುವುದು ಈ ಎರಡು ಪುಟಗಳನ್ನೇ. ಮುನ್ನುಡಿಯಲ್ಲಿ ನೀವು ಬರೆದುಕೊಂಡದ್ದನ್ನು ಅವರು ಓದಬೇಕೆಂದಿಲ್ಲ.

ಮುಖಪುಟದಲ್ಲಿ ಒಂದು ಹೆಸರು, ಒಳಗೆ ಇನ್ನೊಂದು ಹೆಸರು ಇರುವ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಖಪುಟದ ವಿನ್ಯಾಸಕಾರ ಉಪಶೀರ್ಷಿಕೆಯನ್ನು ಕೈಬಿಟ್ಟಿರುತ್ತಾನೆ, ಅಥವಾ ಒಳಪುಟದಲ್ಲಿ ಹಳೆಯ ಕರಡಿನ ಹೆಸರೇ ಉಳಿದಿರುತ್ತದೆ. ಇಂಥಲ್ಲಿ ಗೆಲ್ಲುವುದು ಒಳಪುಟ.

ಉಪಶೀರ್ಷಿಕೆಯನ್ನು ಕಡ್ಡಾಯವಾಗಿ ಹಾಕಿ. ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಬಗ್ಗೆ ಬರೆದು "ಕೆಂಪು ಹೊಲ" ಎಂದಷ್ಟೇ ಹೆಸರಿಟ್ಟರೆ ಅದು ಕಾದಂಬರಿಯ ಸಾಲಿಗೆ ಹೋದರೂ ಆಶ್ಚರ್ಯವಿಲ್ಲ. ಕೆಳಗೆ "ಬ್ಯಾಡಗಿ ಮೆಣಸಿನಕಾಯಿ ಬೇಸಾಯ ಮತ್ತು ಮಾರುಕಟ್ಟೆ" ಎಂದು ಒಂದು ಸಾಲು ಸೇರಿಸಿದರೆ ಸಾಕು.

ಅಭಿನಂದನ ಗ್ರಂಥ ತರುವವರಿಗೆ ಒಂದು ಎಚ್ಚರಿಕೆ. ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಕಾರ್ಯನಿರ್ವಾಹಕ ಸಂಪಾದಕರು, ಮಾರ್ಗದರ್ಶಕರು ಎಂದು ಪುಟ ತುಂಬಾ ಹೆಸರು ಹಾಕುವುದು ನಮ್ಮ ಕಡೆಯ ರೂಢಿ. ಬಹುಕಾಲ ಬಳಕೆಯಲ್ಲಿದ್ದ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಪ್ರಕಾರ ಒಂದೇ ಕೆಲಸಕ್ಕೆ ಮೂವರಿಗಿಂತ ಹೆಚ್ಚು ಹೆಸರಿದ್ದರೆ ಮೊದಲನೆಯ ಹೆಸರನ್ನು ಮಾತ್ರ ಉಳಿಸಿ, ಉಳಿದವರನ್ನು "ಮತ್ತಿತರರು" ಎಂದು ಮುಗಿಸಲಾಗುತ್ತದೆ. ನಿಜವಾಗಿ ದುಡಿದವರ ಹೆಸರು ಏಳನೆಯದಾಗಿದ್ದರೆ ಸೂಚಿಯ ಮಟ್ಟಿಗೆ ಅವರು ಇಲ್ಲವೇ ಇಲ್ಲ. ಯಾರನ್ನು ಮೊದಲು ಹಾಕಬೇಕು ಎಂಬ ಜಗಳವನ್ನು ಅಚ್ಚಿಗೆ ಹೋಗುವ ಮುನ್ನವೇ ಮುಗಿಸಿಕೊಳ್ಳಿ.

ಹಂತ 2: ಲೇಖಕರ ಹೆಸರನ್ನು ಒಂದೇ ರೂಪದಲ್ಲಿ ಇಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಸೂಚಿಯಲ್ಲಿ ಪ್ರತಿ ಲೇಖಕರಿಗೂ ಒಂದು ನಮೂದು ಪದ ಇರುತ್ತದೆ. ಹೆಸರಿನ ಯಾವ ಭಾಗವನ್ನು ಮುಂದಿಟ್ಟು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತಾರೋ ಆ ಭಾಗವೇ ನಮೂದು ಪದ. ಬಂಗಾಳಿ, ಮರಾಠಿ, ಗುಜರಾತಿಗಳಲ್ಲಿ ಇದು ಸಲೀಸು, ಏಕೆಂದರೆ ಅಲ್ಲಿ ಕುಲನಾಮ ಕೊನೆಯಲ್ಲಿರುತ್ತದೆ. ದಕ್ಷಿಣದ ಹೆಸರುಗಳ ಕಥೆ ಬೇರೆ. ಆದ್ದರಿಂದ ನಿಯಮಾವಳಿಯೇ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಕುಲನಾಮ ಇದ್ದರೆ ಅದರಡಿ ನಮೂದಿಸಬೇಕು; ಇಲ್ಲದಿದ್ದರೆ ವ್ಯಕ್ತಿಯ ಸ್ವಂತ ಹೆಸರಿನಡಿ. ಊರಿನ ಹೆಸರು, ತಂದೆಯ ಹೆಸರು ಮುಂದಿದ್ದರೂ ಅವು ನಮೂದು ಪದವಾಗುವುದಿಲ್ಲ. ಸೂಚಿಯನ್ನು ಕಟ್ಟಿದ ಕೇಶವನ್ ಅವರ ಪೂರ್ಣ ಹೆಸರೇ ಇದಕ್ಕೆ ಉದಾಹರಣೆ: ಬಳ್ಳಾರಿ ಶಾಮಣ್ಣ ಕೇಶವನ್. ಅವರನ್ನು ಬಳ್ಳಾರಿ ಎಂದೂ ಶಾಮಣ್ಣ ಎಂದೂ ಹುಡುಕಿದರೆ ಸಿಗುವುದಿಲ್ಲ.

ಈಗ ನಮ್ಮ ಭಾಗಕ್ಕೆ ಬನ್ನಿ. ಹಳೆ ಮೈಸೂರಿನವರಿಗೆ ಬಹುಪಾಲು ಕುಲನಾಮವಿಲ್ಲ. ನಮಗೆ ಅಡ್ಡಹೆಸರು ಇದ್ದೇ ಇರುತ್ತದೆ, ಅದೂ ಹೆಸರಿನ ಕೊನೆಯಲ್ಲಿ. ಹಿರೇಮಠ, ಪಾಟೀಲ, ಕುಲಕರ್ಣಿ ಎಂದರೆ ಯಾರಿಗೂ ಅನುಮಾನವಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಎಂಬವು ಅಡ್ಡಹೆಸರುಗಳು ಎಂದು ನಿಮಗೂ ನನಗೂ ಗೊತ್ತು. ನಮ್ಮ ಸೀಮೆಯನ್ನು ಕಾಣದ ಸೂಚಿಕಾರರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಇದರ ಮೇಲೆ ಕೆಲವು ಲೇಖಕರು ಬೆಂಗಳೂರಿನ ರೀತಿಯಲ್ಲಿ ಇನಿಷಿಯಲ್‌ಗಳನ್ನು ಹೆಸರಿನ ಹಿಂದೆ ಹಾಕಿಕೊಂಡು ಅಡ್ಡಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸುತ್ತಾರೆ. ಬಸವರಾಜ ಶಿವಪ್ಪ ಅಂಗಡಿ ಎಂಬುವವರು ಒಂದು ಪುಸ್ತಕದಲ್ಲಿ ಬಸವರಾಜ ಅಂಗಡಿ, ಇನ್ನೊಂದರಲ್ಲಿ ಬಿ.ಎಸ್. ಅಂಗಡಿ, ಮತ್ತೊಂದರಲ್ಲಿ ಬ.ಶಿ. ಅಂಗಡಿ, ಕೊನೆಯದರಲ್ಲಿ ಬಸವರಾಜ ಎಸ್.ಎ. ಆಗಿಬಿಟ್ಟರೆ, ಸೂಚಿಯಲ್ಲಿ ಒಬ್ಬ ಮನುಷ್ಯ ಮೂರು ನಾಲ್ಕು ಜನವಾಗುತ್ತಾನೆ.

ಇದನ್ನು ತಡೆಯಲು ಗ್ರಂಥಾಲಯಗಳು ಬಳಸುವ ಸಾಧನಕ್ಕೆ ನಾಮಪ್ರಮಾಣ ಕಡತ ಎನ್ನಬಹುದು. ಒಬ್ಬ ಲೇಖಕರ ಎಲ್ಲ ರೂಪಗಳಲ್ಲಿ ಒಂದನ್ನು ಅಧಿಕೃತವೆಂದು ಆರಿಸಿ, ಉಳಿದವುಗಳಿಂದ ಅದರ ಕಡೆಗೆ "ಇಲ್ಲಿ ನೋಡಿ" ಎಂದು ಕೈತೋರಿಸುವ ದಾಖಲೆ ಅದು. ಅಂಬಿಕಾತನಯದತ್ತ ಎಂದು ಹುಡುಕಿದವರು ಬೇಂದ್ರೆಯವರ ಬಳಿಗೆ, ಗದುಗಿನ ನಾರಣಪ್ಪ ಎಂದು ಹುಡುಕಿದವರು ಕುಮಾರವ್ಯಾಸನ ಬಳಿಗೆ ಹೋಗಬೇಕಾದದ್ದು ಈ ದಾರಿಯಲ್ಲೇ. ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಕನ್ನಡದಲ್ಲಿ ವಿ.ಕೃ. ಗೋಕಾಕ, ವಿನಾಯಕ, ಇಂಗ್ಲಿಷ್‌ನಲ್ಲಿ ವಿ.ಕೆ. ಗೋಕಾಕ್. ಗದಗದ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದವರು. ಬಹುಭಾಷಾ ಸೂಚಿಯಲ್ಲಿ ಇಂಥವರ ಎಲ್ಲ ಕೃತಿಗಳೂ ಒಂದೇ ಹೆಸರಿನ ಕೆಳಗೆ ಸೇರಬೇಕಾದರೆ ಯಾರೋ ಕೂತು ಈ ಕೊಂಡಿಗಳನ್ನು ಹಾಕಿರಬೇಕು. ಪ್ರಸಿದ್ಧರಿಗೆ ಹಾಕುತ್ತಾರೆ. ನನಗೆ, ನಿಮಗೆ ಹಾಕುವಷ್ಟು ಮಾಹಿತಿ ಅವರ ಬಳಿ ಇರುವುದಿಲ್ಲ, ನಾವೇ ಕೊಡದ ಹೊರತು.

ಆದ್ದರಿಂದ ಹೀಗೆ ಮಾಡಿ:

• ಎಲ್ಲ ಪುಸ್ತಕಗಳಲ್ಲೂ ಹೆಸರಿನ ಒಂದೇ ರೂಪ ಬಳಸಿ. ಪಾಟೀಲ, ಪಾಟೀಲ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಬೆಂಗಳೂರಿನ ಮುದ್ರಣಾಲಯ ತನ್ನ ರೂಢಿಯಂತೆ ಅರ್ಧಾಕ್ಷರ ಸೇರಿಸಿದರೆ ತೆಗೆಸಿ.
• ಶೀರ್ಷಿಕೆ ಪುಟದ ಬೆನ್ನಿಗೆ ಪೂರ್ಣ ಹೆಸರು ಮತ್ತು ಹುಟ್ಟಿದ ವರ್ಷ ಕೊಡಿ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ವರ್ಷಕ್ಕಿಂತ ಸುಲಭದ ಗುರುತಿಲ್ಲ.
• ಅದೇ ಪುಟದಲ್ಲಿ ನಿಮ್ಮ ಹೆಸರನ್ನು ರೋಮನ್ ಲಿಪಿಯಲ್ಲೂ ಮುದ್ರಿಸಿ. ಕಾವ್ಯನಾಮವಿದ್ದರೆ ಅದನ್ನೂ ನಿಜನಾಮವನ್ನೂ ಒಟ್ಟಿಗೆ ಕೊಡಿ.
• ಡಾ., ಪ್ರೊ., ಮ.ನಿ.ಪ್ರ., ಷ.ಬ್ರ. ಮುಂತಾದ ಬಿರುದುಗಳನ್ನು ಹೆಸರಿಗೆ ಅಂಟಿಸಬೇಡಿ. ಬೇರೆ ಸಾಲಿನಲ್ಲಿ ಹಾಕಿ. ಮ.ನಿ.ಪ್ರ. ಎಂಬುದು ಇನಿಷಿಯಲ್‌ನಂತೆಯೇ ಕಾಣುತ್ತದೆ.

ಮಠಗಳ ಪ್ರಕಟಣೆಗಳಿಗೆ ಇನ್ನೂ ಒಂದು ಮಾತು. ಪೀಠದ ಪರಂಪರೆಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದುಂಟು. ಲೇಖಕರಾದ ಸ್ವಾಮಿಗಳು ಯಾವ ಮಠದವರು, ಪೀಠಕ್ಕೆ ಬಂದದ್ದು ಯಾವ ವರ್ಷ ಎಂಬುದನ್ನು ಬೆನ್ನುಪುಟದಲ್ಲಿ ಹೇಳದಿದ್ದರೆ ಇಂದಿನವರ ಪುಸ್ತಕ ನೂರು ವರ್ಷ ಹಿಂದಿನವರ ಖಾತೆಗೆ ಜಮೆಯಾಗಬಹುದು.

ಹಂತ 3: ವರ್ಷ, ಊರು, ಪ್ರಕಾಶಕರು

ವರ್ಷವನ್ನು ಕ್ರಿಸ್ತಶಕದಲ್ಲಿ, ಅಂಕೆಯಲ್ಲಿ ಕೊಡಿ. "ವಿಕಾರಿ ಸಂವತ್ಸರದ ಶ್ರಾವಣ" ಎಂದಷ್ಟೇ ಬರೆದರೆ ಅದು 2019 ಇರಬಹುದು, 1959ಕ್ಕೂ ಸಲ್ಲಬಹುದು. ಸಂವತ್ಸರ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಈ ತಾಪತ್ರಯ ನಮ್ಮೊಬ್ಬರದ್ದಲ್ಲ. ಬಂಗಾಳಿ ಪುಸ್ತಕಗಳಲ್ಲಿ ಬಂಗಾಬ್ದ, ಗುಜರಾತಿ, ಹಿಂದಿ ಪುಸ್ತಕಗಳಲ್ಲಿ ವಿಕ್ರಮ ಸಂವತ್, ಮರಾಠಿಯಲ್ಲಿ ಶಕವರ್ಷ ಕಾಣಿಸುತ್ತವೆ. ಸೂಚಿಕಾರರು ಬಂಗಾಬ್ದಕ್ಕೆ 593 ಕೂಡಿಸಿ, ವಿಕ್ರಮಕ್ಕೆ 57 ಕಳೆದು, ಶಕಕ್ಕೆ 78 ಕೂಡಿಸಿ ಲೆಕ್ಕ ಹಾಕುತ್ತಾರೆ. ವರ್ಷಾರಂಭ ಬೇರೆಬೇರೆಯಾದ್ದರಿಂದ ಒಂದು ವರ್ಷದ ಹಿಂದುಮುಂದು ಉಳಿದೇ ಉಳಿಯುತ್ತದೆ.

ಪ್ರಕಟಣೆಯ ಊರು ಎಂದರೆ ಪ್ರಕಾಶಕರ ಊರು, ಮುದ್ರಕರದ್ದಲ್ಲ. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರೇ ಇದೆ. ಸುತ್ತಲಿನ ಊರುಗಳ ಪುಸ್ತಕಗಳು ಅಲ್ಲಿ ಅಚ್ಚಾಗುತ್ತವೆ. ಹಾವೇರಿಯ ಪ್ರಕಾಶಕರು ಗದಗದಲ್ಲಿ ಮುದ್ರಿಸಿ, ಪುಸ್ತಕದಲ್ಲಿ ಮುದ್ರಣಾಲಯದ ವಿಳಾಸವನ್ನಷ್ಟೇ ಹಾಕಿದರೆ ಆ ಪುಸ್ತಕ ಗದಗದ್ದಾಗುತ್ತದೆ. ನೀವೇ ಹಣ ಹಾಕಿದ್ದರೆ "ಪ್ರಕಾಶಕರು: ಲೇಖಕರೇ" ಎಂದು ಬರೆದು ಊರಿನ ಹೆಸರು ಸೇರಿಸಿ.

ಆವೃತ್ತಿ ಮತ್ತು ಮರುಮುದ್ರಣ ಬೇರೆಬೇರೆ. ಪಠ್ಯ ಬದಲಾಗಿದ್ದರೆ ಎರಡನೆಯ ಆವೃತ್ತಿ. ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿದರೆ ಎರಡನೆಯ ಮುದ್ರಣ. ಮಾರಾಟ ಚೆನ್ನಾಗಿದೆ ಎಂದು ತೋರಿಸಿಕೊಳ್ಳಲು ಮುದ್ರಣವನ್ನು ಆವೃತ್ತಿ ಎನ್ನುವವರು ಐದನೆಯ ಹಂತದಲ್ಲಿ ಅನಗತ್ಯ ಅಂಚೆ ವೆಚ್ಚ ತೆರಬೇಕಾಗುತ್ತದೆ.

ಐಎಸ್‌ಬಿಎನ್ ವಿಷಯವನ್ನು ಇಲ್ಲಿಯೇ ಮುಗಿಸೋಣ. ಇದು ಪುಸ್ತಕದ ಹದಿಮೂರು ಅಂಕಿಯ ವ್ಯಾಪಾರಿ ಗುರುತು. ಭಾರತದಲ್ಲಿ 978-81 ಅಥವಾ 978-93 ಎಂದು ಶುರುವಾಗುತ್ತದೆ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್ ಅರ್ಜಿ ಪಡೆದು ಉಚಿತವಾಗಿ ಕೊಡುತ್ತದೆ. ಹಣ ಕೇಳುವ ಮಧ್ಯವರ್ತಿಗಳಿದ್ದಾರೆ, ದೂರವಿಡಿ. ಈ ಸಂಖ್ಯೆ ಸಿಕ್ಕ ಮಾತ್ರಕ್ಕೆ ಪುಸ್ತಕ ಗ್ರಂಥಸೂಚಿಗೆ ಹೋಗುವುದಿಲ್ಲ, ಹಕ್ಕುಸ್ವಾಮ್ಯದ ನೋಂದಣಿಯೂ ಆಗುವುದಿಲ್ಲ. ಮೂರೂ ಬೇರೆ ಬೇರೆ ಕಚೇರಿಗಳ ಕೆಲಸ.

ಹಂತ 4: ಒಂದಕ್ಕಿಂತ ಹೆಚ್ಚು ಭಾಷೆ ಇದ್ದರೆ ಬಾಯಿಬಿಟ್ಟು ಹೇಳಿ

ಧಾರವಾಡದಲ್ಲಿ ಮರಾಠಿಯಿಂದ ಅನುವಾದಿಸುವವರು ಮೊದಲಿನಿಂದಲೂ ಇದ್ದಾರೆ. ಅನುವಾದಕರು ತಿಳಿದಿರಬೇಕಾದದ್ದು ಇದು: ಅನುವಾದಿತ ಕೃತಿಯ ಮುಖ್ಯ ನಮೂದು ಮೂಲ ಲೇಖಕರ ಹೆಸರಿನಲ್ಲಿರುತ್ತದೆ. ಅನುವಾದಕರಿಗೆ ಸಿಗುವುದು ಹೆಚ್ಚುವರಿ ನಮೂದು, ಅಂದರೆ ಅವರ ಹೆಸರಿನಿಂದಲೂ ಪುಸ್ತಕವನ್ನು ತಲುಪುವ ಎರಡನೆಯ ದಾರಿ. ಶೀರ್ಷಿಕೆ ಪುಟದಲ್ಲಿ ನಿಮ್ಮ ಹೆಸರು ಮೂಲ ಲೇಖಕರ ಹೆಸರಿಗಿಂತ ದಪ್ಪವಾಗಿದ್ದರೂ ಇದು ಬದಲಾಗುವುದಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು ವರ್ಗಸಂಖ್ಯೆ. ಸೂಚಿಯಲ್ಲಿ ವಿಷಯ ಜೋಡಣೆಗೆ ಬಳಸುವುದು ಡ್ಯೂಯಿ ದಶಮಾಂಶ ವರ್ಗೀಕರಣ: ಎಲ್ಲ ಜ್ಞಾನವನ್ನೂ 000ರಿಂದ 999ರವರೆಗಿನ ಸಂಖ್ಯೆಗಳಿಗೆ ಹಂಚಿ, ಬಿಂದುವಿನ ನಂತರ ಸೂಕ್ಷ್ಮಗೊಳಿಸುತ್ತಾ ಹೋಗುವ ಪದ್ಧತಿ. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕೊನೆಯಲ್ಲಿ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ. ಆದರೆ ಸಾಹಿತ್ಯ ಕೃತಿ ಹೋಗುವುದು ಮೂಲ ಭಾಷೆಯ ಸಂಖ್ಯೆಗೆ. ಹೀಗಾಗಿ ನೀವು ಕನ್ನಡಿಸಿದ ಮರಾಠಿ ಕಾದಂಬರಿ 894.8143ರಲ್ಲಿ ಇರುವುದಿಲ್ಲ, 891.463ರಲ್ಲಿ ಇರುತ್ತದೆ. ಕನ್ನಡ ಕಾದಂಬರಿಗಳ ನಡುವೆ ಅದನ್ನು ಹುಡುಕಿ ಬೇಸರಪಟ್ಟುಕೊಂಡವರು ಬಹಳ. ಒಂದೇ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿಬರುವ ಎರಡು ಭಾಷೆಗಳ ಸಾಹಿತ್ಯ ಸೂಚಿಯಲ್ಲಿ ಇಷ್ಟು ದೂರ ಕುಳಿತಿರುವುದು ಡ್ಯೂಯಿಯ ಭಾಷಾವಂಶ ಲೆಕ್ಕಾಚಾರದ ಫಲ. ಅಲ್ಲಿ ಇಂಡೋ-ಯುರೋಪಿಯನ್ ಭಾಷೆಗಳೆಲ್ಲ ಮುಗಿದ ಮೇಲೆ ದ್ರಾವಿಡ ಭಾಷೆಗಳ ಸರದಿ.

ಆದ್ದರಿಂದ ಅನುವಾದದ ಬೆನ್ನುಪುಟದಲ್ಲಿ ಮೂಲ ಕೃತಿಯ ಹೆಸರು, ಮೂಲ ಭಾಷೆ, ಮೂಲ ಲೇಖಕರು ಮೂರೂ ಇರಲಿ. ಇಂಗ್ಲಿಷ್ ಮೂಲಕ ಅನುವಾದಿಸಿದ ರಷ್ಯನ್ ಕಥೆಯಾದರೆ ಅದನ್ನೂ ಹೇಳಿ. ಸಂಸ್ಕೃತ ಮೂಲ, ಕನ್ನಡ ತಾತ್ಪರ್ಯ ಎರಡೂ ಇದ್ದರೆ "ಮೂಲ ಸಂಸ್ಕೃತ, ಕನ್ನಡ ಲಿಪಿಯಲ್ಲಿ, ವ್ಯಾಖ್ಯಾನ ಕನ್ನಡದಲ್ಲಿ" ಎಂದು ಒಂದು ಸಾಲು ಹಾಕಿ. ಗಣಕದ ದಾಖಲೆಯಲ್ಲಿ ಪ್ರತಿ ಭಾಷೆಗೂ ಮೂರಕ್ಷರದ ಸಂಕೇತವಿರುತ್ತದೆ. ಲಿಪಿಯನ್ನು ನೋಡಿ ಭಾಷೆಯನ್ನು ಊಹಿಸಿದರೆ ಸಂಸ್ಕೃತ ಪುಸ್ತಕವೂ ಕನ್ನಡವಾಗುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಲಂಬಾಣಿ ಹಾಡುಗಳ ಪುಸ್ತಕವೂ ಕನ್ನಡವೇ ಆಗುತ್ತದೆ.

ಹಂತ 5: ನಾಲ್ಕು ಪ್ರತಿ, ಮೂವತ್ತು ದಿನ

1954ರ ಪುಸ್ತಕ ಮತ್ತು ವೃತ್ತಪತ್ರಿಕೆಗಳ ಒಪ್ಪಿಸುವಿಕೆ ಕಾಯ್ದೆಯ ಪ್ರಕಾರ, ಯಾವುದೇ ಭಾಷೆಯ ಪುಸ್ತಕ ಪ್ರಕಟವಾದ ಮೂವತ್ತು ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕೊಡಬೇಕು:

1. ರಾಷ್ಟ್ರೀಯ ಗ್ರಂಥಾಲಯ, ಬೆಲ್ವೆಡೇರ್, ಅಲಿಪುರ, ಕೋಲ್ಕತ್ತ 700027
2. ಕನ್ನೆಮರಾ ಸಾರ್ವಜನಿಕ ಗ್ರಂಥಾಲಯ, ಎಗ್ಮೋರ್, ಚೆನ್ನೈ 600008
3. ಸೆಂಟ್ರಲ್ ಲೈಬ್ರರಿ, ಟೌನ್ ಹಾಲ್, ಫೋರ್ಟ್, ಮುಂಬೈ 400001
4. ದೆಹಲಿ ಪಬ್ಲಿಕ್ ಲೈಬ್ರರಿ, ಎಸ್.ಪಿ. ಮುಖರ್ಜಿ ಮಾರ್ಗ, ದೆಹಲಿ 110006

ಗ್ರಂಥಸೂಚಿಗೆ ಸಂಬಂಧಿಸಿದ್ದು ಮೊದಲನೆಯದು. ಅದಕ್ಕೆ ಹೋಗುವ ಪ್ರತಿ ಅತ್ಯುತ್ತಮ ಕಾಗದದ್ದು, ಹೊಲಿದು ಕಟ್ಟಿದ್ದು, ಎಲ್ಲ ನಕಾಶೆ, ಚಿತ್ರಗಳಿರುವುದು ಆಗಿರಬೇಕೆಂದು ಕಾಯ್ದೆ ಹೇಳುತ್ತದೆ. ಗಟ್ಟಿ ರಟ್ಟಿನ ಪ್ರತಿಗಳೂ ಇದ್ದರೆ ಅದನ್ನೇ ಕಳುಹಿಸಿ. ಉಳಿದ ಮೂರಕ್ಕೆ ಮಾರಾಟದ ಸಾಮಾನ್ಯ ಪ್ರತಿ ಸಾಕು. ಬೈಂಡಿಂಗ್ ಕೆಟ್ಟಿದೆ ಎಂದು ಪಕ್ಕಕ್ಕಿಟ್ಟವುಗಳನ್ನು ಕೋಲ್ಕತ್ತಕ್ಕೆ ಸಾಗಿಸುವ ಜಾಣತನ ಬೇಡ.

ಮೊದಲ ಆವೃತ್ತಿಯನ್ನು ಕೊಟ್ಟಿದ್ದು, ಒಂದಕ್ಷರವೂ ಬದಲಾಗದ ಮರುಮುದ್ರಣವಾದರೆ ಮತ್ತೆ ಕೊಡಬೇಕಾಗಿಲ್ಲ. ತಪ್ಪಿದರೆ ಐವತ್ತು ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಐವತ್ತು ರೂಪಾಯಿ ಎಂದು ಕೇಳಿದ ಕೂಡಲೇ ಮುಖದ ಮೇಲೆ ನಗು ಬರುವುದು ಸಹಜ. ಆದರೆ ನಿಜವಾದ ನಷ್ಟ ಪುಸ್ತಕ ಸೂಚಿಯ ಹೊರಗೇ ಉಳಿಯುವುದು.

ಸಾಮಾನ್ಯವಾಗಿ ಆಗುವ ತಪ್ಪುಗಳು ಇವು. ಮುದ್ರಕರು ಕಳುಹಿಸಿರುತ್ತಾರೆ ಎಂದು ನಂಬುವುದು: ಈ ಕಾಯ್ದೆಯಲ್ಲಿ ಹೊಣೆ ಪ್ರಕಾಶಕರದ್ದು. 1867ರ ಹಳೆಯ ಮುದ್ರಣ ಕಾಯ್ದೆ ರದ್ದಾಯಿತು, ಇನ್ನು ಏನನ್ನೂ ಕಳುಹಿಸಬೇಕಿಲ್ಲ ಎಂದುಕೊಳ್ಳುವುದು: ಅದರ ಜಾಗಕ್ಕೆ ಬಂದ 2023ರ ಕಾಯ್ದೆ ನಿಯತಕಾಲಿಕಗಳಿಗೆ ಸಂಬಂಧಿಸಿದ್ದು, 1954ರ ಕಾಯ್ದೆ ಹಾಗೆಯೇ ಇದೆ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ಅದೇ ಸಾಕು ಎಂದುಕೊಳ್ಳುವುದು: ಅದು ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯ ವ್ಯವಸ್ಥೆ, ಇದು ಕೇಂದ್ರದ್ದು, ಎರಡೂ ಬೇಕು. ಕೊನೆಯದಾಗಿ, ಮುಖ್ಯ ಅತಿಥಿಗಳ ದಿನಾಂಕ ಸಿಗದೆ ಬಿಡುಗಡೆ ಸಮಾರಂಭ ಮುಂದಕ್ಕೆ ಹೋಗುತ್ತಾ, ಅಷ್ಟರಲ್ಲಿ ಪ್ರತಿಗಳೆಲ್ಲ ಗೌರವಪ್ರತಿಗಳಾಗಿ ಹಂಚಿಹೋಗುವುದು. ಬೈಂಡಿಂಗ್ ಆಗಿ ಬಂದ ದಿನವೇ ನಾಲ್ಕನ್ನು ತೆಗೆದು ಕಟ್ಟಿಡಿ.

ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಜೊತೆಗೆ ಪುಸ್ತಕದ ವಿವರವಿರುವ ಒಂದು ಪತ್ರ ಇಡಿ. ಸ್ವೀಕೃತಿ ಪತ್ರ ಕೊಡುವುದು ಗ್ರಂಥಾಲಯದ ಕಾನೂನುಬದ್ಧ ಕರ್ತವ್ಯ. ಬರದಿದ್ದರೆ ಅಂಚೆ ರಸೀದಿಯ ಸಂಖ್ಯೆ ಸಹಿತ ಕೇಳಿ.

ಎಲ್ಲವೂ ಸೂಚಿಗೆ ಸೇರುವುದಿಲ್ಲ ಎಂಬುದೂ ಗೊತ್ತಿರಲಿ. ನಕಾಶೆಗಳು, ಸಂಗೀತ ಸ್ವರಲಿಪಿಗಳು, ಪಠ್ಯಪುಸ್ತಕದ ಗೈಡ್ ಮತ್ತು ಉತ್ತರಮಾಲೆಗಳು, ಕರಪತ್ರದಂಥ ಅಲ್ಪಕಾಲದ ಸಾಮಗ್ರಿ ಸೂಚಿಯ ಹೊರಗೆ. ಪತ್ರಿಕೆಯಾದರೆ ಮೊದಲ ಸಂಚಿಕೆ ಅಥವಾ ಹೆಸರು ಬದಲಾದ ನಂತರದ ಮೊದಲ ಸಂಚಿಕೆ ಮಾತ್ರ ನಮೂದಾಗುತ್ತದೆ. ಸಲ್ಲಿಸುವ ಹೊಣೆ ಮಾತ್ರ ಇವುಗಳಿಗೂ ಇದೆ.

ಹಂತ 6: ಕೋಲ್ಕತ್ತದಲ್ಲಿ ಏನಾಗುತ್ತದೆ

ಇಲ್ಲಿ ನೀವು ಮಾಡುವುದೇನೂ ಇಲ್ಲ, ಆದರೆ ತಿಳಿಯದೆ ಹೋದರೆ ಮುಂದಿನ ಹಂತದಲ್ಲಿ ಪುಸ್ತಕ ಸಿಗುವುದಿಲ್ಲ.

ಹದಿನಾಲ್ಕು ಭಾಷೆ, ಹತ್ತಾರು ಲಿಪಿ. ಒಂದೊಂದು ಲಿಪಿಯನ್ನು ಹಾಗೆಯೇ ಬಿಟ್ಟರೆ ಹತ್ತಾರು ಪಟ್ಟಿಗಳಾಗುತ್ತವೆ. ಎಲ್ಲವನ್ನೂ ರೋಮನ್ ಲಿಪಿಗೆ ಇಳಿಸಿದರೆ ವಿಷಯಾನುಸಾರ ಒಂದೇ ಸಾಲು ಸಾಧ್ಯ. ಬ್ಯಾಡಗಿ ಮೆಣಸಿನಕಾಯಿ ಬಗೆಗಿನ ಕನ್ನಡ ಪುಸ್ತಕ, ಗುಂಟೂರು ಮೆಣಸಿನಕಾಯಿ ಬಗೆಗಿನ ತೆಲುಗು ಪುಸ್ತಕ ಎರಡೂ ಹೊಲದ ಬೆಳೆಗಳ 633ರ ಗುಂಪಿನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಕನ್ನಡ ಓದಲಾರದ ಸಂಶೋಧಕನಿಗೂ ಇಂಥದ್ದೊಂದು ಪುಸ್ತಕವಿದೆ ಎಂದು ತಿಳಿಯುತ್ತದೆ. ಲಿಪಿಯ ಅಭಿಮಾನಿಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನಗೆ ಈ ಏರ್ಪಾಡು ಸರಿಯೆನಿಸುತ್ತದೆ, ಕನ್ನಡ ಲಿಪಿಯ ಸಂಪುಟಗಳು ಜೊತೆಗೆ ಇರುವವರೆಗೆ.

ಈ ಲಿಪ್ಯಂತರ ನಾವು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಬರೆಯುವ ರೀತಿಯದಲ್ಲ. ದೀರ್ಘ ಸ್ವರಕ್ಕೆ ಅಕ್ಷರದ ನೆತ್ತಿಯ ಮೇಲೆ ಅಡ್ಡಗೆರೆ. ಟ, ಡ, ಣ, ಳ, ಷಗಳಿಗೆ ಕೆಳಗೆ ಚುಕ್ಕೆ. ಶಕಾರಕ್ಕೆ 'ಎಸ್' ಮೇಲೆ ಓರೆಗೀಟು. ಪ್ರತಿ ಭಾಷೆಗೂ ಅದರದೇ ಪೇಚು ಇದೆ. ಹಿಂದಿ, ಬಂಗಾಳಿಗಳಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಅಕ್ಷರವಿಲ್ಲ; ನಮಗೆ ಎ ಬೇರೆ, ಏ ಬೇರೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಬರೆದಂತೆಯೇ ಲಿಪ್ಯಂತರಿಸಿದರೆ ಗಾಂಧಿ 'ಕಾಂತಿ' ಆಗುತ್ತಾರೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ; ಸೂಚಿಕಾರರು ಭಾಷೆ ಬಲ್ಲವರಾಗಿದ್ದು ತಾವೇ ತುಂಬಬೇಕು.

ಹಂತ 7: ಹುಡುಕುವುದು

ಕಳುಹಿಸಿದ ಮರುತಿಂಗಳೇ ಹುಡುಕಬೇಡಿ. ಪುಸ್ತಕ ರಾಷ್ಟ್ರೀಯ ಗ್ರಂಥಾಲಯದಲ್ಲಿ ದಾಖಲಾಗಿ, ಅಲ್ಲಿಂದ ಸೂಚಿಯ ಕಚೇರಿಗೆ ಹೋಗಿ, ನಮೂದಾಗುವಷ್ಟರಲ್ಲಿ ಕಾಲ ಹಿಡಿಯುತ್ತದೆ. ಮೊದಲು ರಾಷ್ಟ್ರೀಯ ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ನೋಡಿ, ಆಮೇಲೆ ಗ್ರಂಥಸೂಚಿಯಲ್ಲಿ.

ಹುಡುಕುವಾಗ ರೋಮನ್ ಕಾಗುಣಿತದ ಬಗ್ಗೆ ನಿಮ್ಮ ಅಭ್ಯಾಸ ಬಿಡಬೇಕು. ಶಿವಪ್ಪ ಎಂಬುದನ್ನು ನಾವು 'ಎಸ್ ಎಚ್' ಇಂದ ಆರಂಭಿಸುತ್ತೇವೆ. ಸೂಚಿಯಲ್ಲಿ ಅದು ಬರೀ 'ಎಸ್'. ಚನ್ನಪ್ಪನನ್ನು ನಾವು 'ಸಿ ಎಚ್' ಎನ್ನುತ್ತೇವೆ. ವಿದ್ವತ್ ಲಿಪ್ಯಂತರದಲ್ಲಿ ಚಕಾರಕ್ಕೆ ಬರೀ 'ಸಿ', ಛಕಾರಕ್ಕೆ ಮಾತ್ರ 'ಸಿ ಎಚ್'. ಹಿರೇಮಠದ ಕೊನೆಯಲ್ಲಿ ಕನ್ನಡದಲ್ಲಿ ಇರುವ ಅಕಾರ ರೋಮನ್‌ನಲ್ಲೂ ಉಳಿದಿರುತ್ತದೆ. ಸಂಗೀತ, ಸಂಪುಟ, ಗಂಗಾ ಮುಂತಾದ ಪದಗಳಲ್ಲಿ ಅನುಸ್ವಾರವನ್ನು ಕೆಲವರು ಮುಂದಿನ ವರ್ಗದ ಅನುನಾಸಿಕವಾಗಿ ಬರೆಯುತ್ತಾರೆ, ಕೆಲವರು ಚುಕ್ಕೆಯಿರುವ 'ಎಂ' ಆಗಿ. ಎರಡೂ ರೀತಿಯಲ್ಲಿ ಪ್ರಯತ್ನಿಸಿ. ಹೆಸರಿನಿಂದ ಸಿಗದಿದ್ದರೆ ವರ್ಗಸಂಖ್ಯೆಯಿಂದ ಹೋಗಿ: ಕವನಗಳಿಗೆ 894.8141, ಕರ್ನಾಟಕದ ಇತಿಹಾಸಕ್ಕೆ 954.87.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 1962ರಿಂದ ದೆಹಲಿಯಲ್ಲಿ ಕಚೇರಿಯಿದ್ದು, ಕನ್ನಡ ಪುಸ್ತಕಗಳನ್ನೂ ಅದು ಕೊಳ್ಳುತ್ತದೆ. ನಮ್ಮ ಸೂಚಿಯಲ್ಲಿ ಕಾಣದ ಪುಸ್ತಕ ಅಲ್ಲಿ ಕಂಡರೂ ಕಾಣಬಹುದು. ಅದರ ಲಿಪ್ಯಂತರ ಕೋಷ್ಟಕವನ್ನು ಯಾರಾದರೂ ನೋಡಬಹುದು. ಒಮ್ಮೆ ಮುದ್ರಿಸಿ ಮೇಜಿನ ಮೇಲಿಟ್ಟುಕೊಳ್ಳಿ.

ಹಳೆಯ ಪುಸ್ತಕ ಹುಡುಕುವವರು, ಅಜ್ಜನೋ ಮುತ್ತಜ್ಜನೋ ಬರೆದದ್ದನ್ನು ಅರಸುವವರು ಇನ್ನೆರಡು ವಿಷಯ ಗಮನಿಸಿ. ಒಂದು, ಈ ಸೂಚಿ 1957ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. 1901ರಿಂದ 1953ರವರೆಗಿನ ಪುಸ್ತಕಗಳಿಗೆ ಸಾಹಿತ್ಯ ಅಕಾಡೆಮಿಯ ನಾಲ್ಕು ಸಂಪುಟಗಳ ಪ್ರತ್ಯೇಕ ಗ್ರಂಥಸೂಚಿಯಿದೆ. ಕನ್ನಡ ಅದರ ಎರಡನೆಯ ಸಂಪುಟದಲ್ಲಿದೆ. ನಡುವಿನ ವರ್ಷಗಳ ಪುಸ್ತಕವಾದರೆ ಗ್ರಂಥಾಲಯಗಳ ಸ್ವಂತ ಸೂಚಿಗಳನ್ನೇ ನೋಡಬೇಕು. ಎರಡು, ಊರಿನ ಹೆಸರುಗಳು. ಹುಬ್ಬಳ್ಳಿಯ ಅಧಿಕೃತ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ನಮೂದುಗಳಲ್ಲಿ 'ಹುಬ್ಲಿ' ಎಂದೇ ಇರುತ್ತದೆ, ಧಾರವಾಡ 'ಧಾರ್ವಾರ್' ಆಗಿರಬಹುದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಅದಕ್ಕೂ ಹಿಂದಿನ ವಿಷಯ ಶೀರ್ಷಿಕೆಗಳನ್ನು 'ಮೈಸೂರು' ಎಂಬಲ್ಲಿ ನೋಡಿ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ರಾಣೆಬೆನ್ನೂರಿನ ಪುಸ್ತಕವನ್ನೋ ರೋಣದ ಪುಸ್ತಕವನ್ನೋ ಜಿಲ್ಲೆಯ ಹೆಸರಿನಿಂದ ಹುಡುಕುವುದಾದರೆ ಧಾರವಾಡದ ಅಡಿಯಲ್ಲಿ ನೋಡಿ.